ಇಳಿವಯಸ್ಸು, ಲಕ್ವ ಮತ್ತು ಅಕ್ಯುಪಂಕ್ಚರ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ಲಕ್ವ ಹೊಡೆದು ಐದು ವಾರವಾಯಿತು. ಎಡಗೈ, ಎಡಗಾಲಿನಲ್ಲಿ ಶಕ್ತಿ ಇಲ್ಲ. ಫಿಸಿಯೋಥೆರಪಿ ನಡೆಯುತ್ತಿದೆ. ಜೊತೆಗೆ ಅಕ್ಯುಪಂಕ್ಚರ್ ಮಾಡಿಸಿ ಎಂದು ಕೆಲವರು ಹೇಳುತ್ತಾರೆ. ಈ ವಯಸ್ಸಿನಲ್ಲಿ ಸೂಜಿ ಚುಚ್ಚಿಸಿ ಏನು ಪ್ರಯೋಜನ ಎನ್ನುತ್ತಾರೆ ಇನ್ನು ಕೆಲವರು. ಏನು ಮಾಡಬೇಕು?

ಉತ್ತರ: ವಯಸ್ಸಾಯಿತೆಂದು ಕೈಚೆಲ್ಲಬೇಡಿ. ಎಷ್ಟು ಚೇತರಿಕೆ ಸಾಧ್ಯ ಎಂಬುದನ್ನು ಮೊದಲು ನಿರ್ಧರಿಸುವುದು ಮಿದುಳಿಗೆ ಬಿದ್ದ ಪೆಟ್ಟಿನ ತೀವ್ರತೆ. ವಯಸ್ಸಿನ ಪಾತ್ರ ಅದರ ನಂತರದ್ದು. ಲಕ್ವವಾದ ಮೊದಲ ಮೂರು ದಿನಗಳಲ್ಲೇ ಬೆರಳುಗಳನ್ನು ಸ್ವಲ್ಪ ಚಾಚಲು, ತೋಳನ್ನು ಭುಜದಿಂದ ಪಕ್ಕಕ್ಕೆ ತುಸು ಎತ್ತಲು ಆಗಿದ್ದರೆ ಕೈ ಮತ್ತೆ ಕೆಲಸಕ್ಕೆ ಬರುವ ಸಾಧ್ಯತೆ ಚೆನ್ನಾಗಿದೆ. ಇದು ಎಪ್ಪತ್ತು ದಾಟಿದವರಿಗೂ ಅನ್ವಯಿಸುತ್ತದೆ.

ಹಾಗಾದರೆ ವಯಸ್ಸು ಏನನ್ನು ಕಿತ್ತುಕೊಳ್ಳುತ್ತದೆ? ನರಕೋಶಗಳ ನಡುವೆ ಹೊಸ ಸಂಪರ್ಕ ಬೆಳೆಯಲು ಬೇಕಾದ ಪೋಷಕ ಪ್ರೋಟೀನುಗಳು, ಮುಖ್ಯವಾಗಿ ಬಿಡಿಎನ್‌ಎಫ್, ವೃದ್ಧಾಪ್ಯದಲ್ಲಿ ಇಳಿಮುಖವಾಗಿರುತ್ತವೆ. ಮಿದುಳಿನ ರಕ್ಷಕ ಕೋಶಗಳಾದ ಮೈಕ್ರೋಗ್ಲಿಯಾ ಮೊದಲೇ ಕೆರಳಿದ ಸ್ಥಿತಿಯಲ್ಲಿರುವುದರಿಂದ ಗಾಯದ ಸುತ್ತಲಿನ ಉರಿಯೂತ ಬೇಗ ತಣ್ಣಗಾಗುವುದಿಲ್ಲ. ಕೈಕಾಲಿನ ನರಗಳಲ್ಲಿ ಸಂಕೇತ ಸಾಗುವ ವೇಗವೂ ತಗ್ಗಿರುತ್ತದೆ. ಹಾಸಿಗೆ ಹಿಡಿದವರಲ್ಲಿ ಸ್ನಾಯು ಕರಗುವುದು ಯುವಕರಿಗಿಂತ ಬೇಗ. ಇಷ್ಟಾದರೂ ಕೈಕಾಲಿನ ಬಲ ಮರಳುವ ವಿಷಯದಲ್ಲಿ ಹಿರಿಯರಿಗೂ ಕಿರಿಯರಿಗೂ ಇರುವ ಅಂತರ ನಾವು ಅಂದುಕೊಳ್ಳುವಷ್ಟು ದೊಡ್ಡದಲ್ಲ. ದೊಡ್ಡ ಅಂತರ ಕಾಣುವುದು ಮರಳಿದ ಬಲವನ್ನು ಬಳಕೆಗೆ ತರುವಲ್ಲಿ: ಬಟ್ಟೆ ಹಾಕಿಕೊಳ್ಳುವುದು, ಮಂಚದಿಂದ ಏಳುವುದು, ಶೌಚಾಲಯಕ್ಕೆ ಹೋಗಿಬರುವುದು.

ಅಕ್ಯುಪಂಕ್ಚರ್‌ನ ನಿರ್ಧಾರವೂ ಮರಳಿದ ಬಲ ಹೀಗೆ ಬಳಕೆಗೆ ಬರುತ್ತದೆಯೇ ಎಂಬುದರ ಮೇಲೆಯೇ ನಿಲ್ಲಬೇಕು. ಲಕ್ವದ ನಂತರದ ಪುನಶ್ಚೇತನದಲ್ಲಿ ಇದರ ಬಳಕೆ ಕುರಿತು 31 ಪ್ರಯೋಗಗಳನ್ನು, 2,257 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ 2016ರ ಕೊಕ್ರೇನ್ (ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ) ಪರಾಮರ್ಶೆ ಹೇಳಿದ್ದು: ಪ್ರಯೋಜನ ಇರಬಹುದು, ಗಂಭೀರ ಅಪಾಯ ಕಾಣಲಿಲ್ಲ, ಆದರೆ ಹೆಚ್ಚಿನ ಪ್ರಯೋಗಗಳು ಚಿಕ್ಕವು, ಗುಣಮಟ್ಟದಲ್ಲಿ ದುರ್ಬಲ. ಹಾಗಾಗಿ ಸೂಜಿಯನ್ನು ವ್ಯಾಯಾಮಕ್ಕೆ ಪೂರಕವಾಗಿ ಇಟ್ಟುಕೊಳ್ಳಿ, ಬದಲಿಯಾಗಿ ಬೇಡ. ಸೂಜಿ ತೆಗೆದ ಅರ್ಧ ಗಂಟೆಯೊಳಗೆ ಅದೇ ಕೈ ಅಥವಾ ಕಾಲಿನಿಂದ ನಿಜವಾದ ಕೆಲಸ ಮಾಡಿಸಿ: ಕುರ್ಚಿಯಿಂದ ಹತ್ತು ಸಲ ಏಳುವುದು, ಲೋಟ ಹಿಡಿದು ಬಿಡುವುದು, ಕುಳಿತಲ್ಲೇ ಪಾದದ ಮುಂಭಾಗ ಎತ್ತುವುದು. ತಂದೆಯವರು ಬೇಗ ದಣಿಯುತ್ತಾರಾದರೆ 45 ನಿಮಿಷ ಒಂದೇ ಸಲ ಬೇಡ; 20 ನಿಮಿಷದಂತೆ ಎರಡು ಹೊತ್ತು ಮಾಡಿ. ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲೇ ಹೆಚ್ಚು. ಆ ದಿನಗಳಲ್ಲಿ ಸೂಜಿಗಾಗಿ ಓಡಾಡಿ ಸುಸ್ತಾಗಿ ವ್ಯಾಯಾಮ ತಪ್ಪಿಹೋಗುವುದಾದರೆ, ಸೂಜಿಯನ್ನು ಬಿಡುವುದೇ ಲೇಸು.

ಪ್ರಶ್ನೆ: ಲಕ್ವ ಹೊಡೆದ ತಕ್ಷಣ ಹತ್ತೂ ಬೆರಳ ತುದಿ ಚುಚ್ಚಿ ರಕ್ತ ತೆಗೆದರೆ ರೋಗಿ ಉಳಿಯುತ್ತಾನೆ ಎಂಬ ಸಂದೇಶ ಮೊಬೈಲಿನಲ್ಲಿ ಬಂದಿದೆ. ನಿಜವೇ?

ಉತ್ತರ: ಅಲ್ಲ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಮಿದುಳಿನ ಸ್ಕ್ಯಾನ್ ಆಗಬೇಕು. ಬೆರಳು ಚುಚ್ಚುತ್ತಾ ಕೂತ ಪ್ರತಿ ನಿಮಿಷವೂ ಆ ಅವಧಿಯಿಂದಲೇ ಕಳೆಯುತ್ತದೆ. ಮುಖ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಂಡು ನೇರ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನಾನು ಅಕ್ಯುಪಂಕ್ಚರ್ ಕಲಿತು ಹೊಸದಾಗಿ ವೃತ್ತಿ ಆರಂಭಿಸಿದ್ದೇನೆ. ಎಪ್ಪತ್ತು ದಾಟಿದ ಲಕ್ವ ರೋಗಿಗಳಲ್ಲಿ ಸೂಜಿಯ ಸಂಖ್ಯೆ, ಆಳ, ಅವಧಿಯನ್ನು ಹೇಗೆ ಬದಲಿಸಬೇಕು?

ಉತ್ತರ: ಎಲ್ಲವನ್ನೂ ಕಡಿಮೆಯಿಂದ ಶುರುಮಾಡಿ. 0.20ರಿಂದ 0.25 ಮಿಲಿಮೀಟರ್ ದಪ್ಪದ, ಒಮ್ಮೆ ಮಾತ್ರ ಬಳಸುವ ಸೂಜಿ. ಮೊದಲ ಎರಡು ಮೂರು ಸಲ ಆರರಿಂದ ಎಂಟು ಸೂಜಿ. 15ರಿಂದ 20 ನಿಮಿಷ. ವಾರಕ್ಕೆ ಮೂರು ಸಲ. ಯಾವಾಗಲೂ ಮಲಗಿಸಿಯೇ ಚುಚ್ಚಿ. ಮಧುಮೇಹಿಗಳು ಖಾಲಿ ಹೊಟ್ಟೆಯಲ್ಲಿ ಬಂದಿದ್ದರೆ ಅಂದು ಮೊದಲು ಏನಾದರೂ ತಿನ್ನಿಸಿ.

ಆಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾಲಿನಲ್ಲಿ ಸೂಜಿ ಹಾಕುವ ಜುಸಾನ್ಲಿ ಎಂಬ ಬಿಂದುವನ್ನೇ ತೆಗೆದುಕೊಳ್ಳಿ. ಮೊಣಕಾಲ ಚಿಪ್ಪಿನ ಕೆಳಗೆ ಹೊರಬದಿಯಲ್ಲಿರುವ ಗುಳಿಯಿಂದ ರೋಗಿಯದೇ ನಾಲ್ಕು ಬೆರಳಗಲ ಕೆಳಗೆ, ಮುಂಗಾಲ ಮೂಳೆಯ ಏಣಿನಿಂದ ಒಂದು ಬೆರಳಗಲ ಹೊರಕ್ಕೆ ಅದು ಸಿಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯು ಅಲ್ಲಿದೆ. ಲಕ್ವವಾದ ವೃದ್ಧರಲ್ಲಿ ಆ ಸ್ನಾಯು ಕರಗಿ, ಏಣಿನ ಪಕ್ಕ ಬೆರಳಿಗೆ ಹಳ್ಳ ಸಿಗುವಂತಾಗಿರುತ್ತದೆ. ಪುಸ್ತಕದಲ್ಲಿ ಬರೆದ ಆಳ ತುಂಬಿದ ಸ್ನಾಯುವಿಗೆ ಹೇಳಿದ್ದು. ಇಲ್ಲಿ ಅದರ ಅರ್ಧದಿಂದ ಆರಂಭಿಸಿ, ಚರ್ಮವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಡಿದು ಚುಚ್ಚಿ. ತೆಳುವಾದ ಒಣ ಚರ್ಮ ಸೂಜಿಗೆ ಸುತ್ತಿಕೊಳ್ಳುತ್ತದೆ. ಹಿಗ್ಗಿಸಿ ಹಿಡಿಯದಿದ್ದರೆ ನೋವೂ ಹೆಚ್ಚು, ಕೆಳಗೆ ರಕ್ತ ಹೆಪ್ಪುಗಟ್ಟಿ ನೀಲಿಗಟ್ಟುವುದೂ ಹೆಚ್ಚು.

ಹೊಸಬರು ತಪ್ಪುವುದು ಹೆಚ್ಚಾಗಿ ಇನ್ನೊಂದು ಕಡೆ. ಸೂಜಿ ಸರಿಯಾಗಿ ಕುಳಿತಾಗ ಜೋಮು, ಭಾರ, ಎಳೆತದ ಅನುಭವ ಆಗಬೇಕು ಎಂದು ಕಲಿಸಿರುತ್ತಾರೆ. ವೃದ್ಧರಲ್ಲಿ ನರದ ಸಂವೇದನೆ ಮೊದಲೇ ತಗ್ಗಿರುತ್ತದೆ, ಮಧುಮೇಹವಿದ್ದರೆ ಇನ್ನಷ್ಟು, ಲಕ್ವದ ಬದಿಯಲ್ಲಿ ಕೆಲವೊಮ್ಮೆ ಏನೂ ಗೊತ್ತಾಗುವುದಿಲ್ಲ. ಮಾತು ಹೋದ ರೋಗಿ ಗೊತ್ತಾದರೂ ಹೇಳಲಾರ. ‘ಏನೂ ಅನ್ನಿಸುತ್ತಿಲ್ಲ’ ಎಂದರೆಂದು ಸೂಜಿಯನ್ನು ತಿರುಚುತ್ತಾ, ಆಳಕ್ಕೆ ಒತ್ತುತ್ತಾ ಹೋದರೆ ಅಂಗಾಂಶಕ್ಕೆ ಗಾಯ ಖಂಡಿತ. ರೋಗಿಯ ಬಾಯಿಗಿಂತ ನಿಮ್ಮ ಬೆರಳನ್ನು ನಂಬಿ: ಸೂಜಿಯನ್ನು ಅಂಗಾಂಶ ಹಿಡಿದುಕೊಂಡ ಬಿಗಿ ಕೈಗೆ ತಿಳಿಯುತ್ತದೆ. ಸೂಜಿಗೆ ಸಣ್ಣ ವಿದ್ಯುತ್ ಕೊಡುವುದಾದರೆ 2 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಎರಡು ಮಿಡಿತ) ಸ್ನಾಯು ಕಣ್ಣಿಗೆ ಕಾಣುವಷ್ಟು ಮೆಲ್ಲಗೆ ಅದುರಿದರೆ ಸಾಕು. ಮಡಚಿ ಬಿಗಿದ ಮುಂಗೈಯ ಒಳಬದಿಗೆ ಜೋರಾಗಿ ಕೊಟ್ಟರೆ ಬಿಗಿತ ಹೆಚ್ಚಬಹುದು. ಬೆರಳು ಚಾಚುವ ಹೊರಬದಿಯ ಸ್ನಾಯುಗಳಿಗೆ ಆದ್ಯತೆ ಕೊಡಿ.

ಬಿಗಿದ ಸ್ನಾಯುವಿನಲ್ಲಿ ಸೂಜಿ ಸಿಕ್ಕಿಕೊಂಡರೆ ಎಳೆಯಬೇಡಿ. ಎರಡು ನಿಮಿಷ ಬಿಟ್ಟು, ಸುತ್ತ ಮೆಲ್ಲಗೆ ತಟ್ಟಿ, ಆಗಲೂ ಬಿಡದಿದ್ದರೆ ಒಂದೆರಡು ಬೆರಳಗಲ ದೂರದಲ್ಲಿ ಇನ್ನೊಂದು ಸೂಜಿ ಹಾಕಿ, ಸ್ನಾಯು ಸಡಿಲವಾಗುತ್ತದೆ. ಬೆವರಿ ಮುಖ ಬಿಳಿಚಿದರೆ ಎಲ್ಲ ಸೂಜಿ ತೆಗೆದು, ಕಾಲು ಎತ್ತರಿಸಿ, ರಕ್ತದೊತ್ತಡ ಮತ್ತು ಸಕ್ಕರೆ ನೋಡಿ. ಮುಗಿದ ಮೇಲೆ ತಟ್ಟನೆ ಎಬ್ಬಿಸಬಾರದು. ಮಂಚದ ಅಂಚಿನಲ್ಲಿ ಮೂರು ನಿಮಿಷ ಕೂರಿಸಿ. ಎದ್ದ ಕೂಡಲೇ ಒತ್ತಡ ಕುಸಿದು ಬೀಳುವುದು ಈ ವಯಸ್ಸಿನಲ್ಲಿ ಸಾಮಾನ್ಯ, ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ದುಡಿದದ್ದೆಲ್ಲ ಹೋಯಿತು. ಹಾಕಿದ ಸೂಜಿ, ತೆಗೆದ ಸೂಜಿ ಎಣಿಸಿ ಬರೆಯಿರಿ. ನೆತ್ತಿಯ ಕೂದಲಲ್ಲಿ ಒಂದು ಉಳಿದುಹೋಗುವುದು ಸುಲಭ.

ಪ್ರಶ್ನೆ: ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ, ಪೇಸ್‌ಮೇಕರ್ ಕೂಡ ಇದೆ. ಸೂಜಿ ಹಾಕಿಸಬಹುದೇ?

ಉತ್ತರ: ಸೂಜಿಗಾಗಿ ಆ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ, ಮತ್ತೊಂದು ಲಕ್ವಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಆ ಮಾತ್ರೆ ವಾರ್ಫರಿನ್ ಆಗಿದ್ದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ ವೈದ್ಯರು ಹೇಳಿದ ಮಿತಿಯೊಳಗಿದೆಯೇ (ಹೆಚ್ಚಿನವರಿಗೆ 2ರಿಂದ 3) ಎಂದು ಇತ್ತೀಚಿನ ವರದಿ ನೋಡಿ. ತೆಳು ಸೂಜಿಯನ್ನು ಮೇಲ್ಮೈಯಲ್ಲಿ ಹಾಕಿಸಬಹುದು. ತೆಗೆದ ಮೇಲೆ ಪ್ರತಿ ಜಾಗವನ್ನು ಮೂರರಿಂದ ಐದು ನಿಮಿಷ ಒತ್ತಿ ಹಿಡಿಯಬೇಕು. ದೊಡ್ಡ ರಕ್ತನಾಳದ ಬಳಿ ಆಳವಾಗಿ ಚುಚ್ಚಿಸುವುದು, ರಕ್ತ ಹೊರತೆಗೆಯುವ ಕಪ್ಪಿಂಗ್ ಬೇಡ. ಪೇಸ್‌ಮೇಕರ್ ಇರುವವರಿಗೆ ಸೂಜಿಗೆ ವಿದ್ಯುತ್ ಕೊಡಬಾರದು. ಇನ್ನೊಂದು ಮಾತು: ಲಕ್ವದ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲಿಗೆ ಸೂಜಿಯೂ ಬೇಡ, ತಿಕ್ಕುವುದೂ ಬೇಡ. ಅಂದೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: 81 ವರ್ಷದ ನಮ್ಮ ಅಜ್ಜಿ ಜಾರಿಬಿದ್ದು ತಲೆಗೆ ಪೆಟ್ಟಾಗಿತ್ತು. ಮೊದಲು ಚೆನ್ನಾಗಿದ್ದರು. ಒಂದು ತಿಂಗಳಿಂದ ಮಂಕಾಗಿದ್ದಾರೆ, ನಡಿಗೆ ತಪ್ಪುತ್ತಿದೆ. ಅಕ್ಯುಪಂಕ್ಚರ್‌ನಿಂದ ಸರಿಹೋದೀತೆ?

ಉತ್ತರ: ಸೂಜಿಯ ಮಾತು ಆಮೇಲೆ, ಮೊದಲು ಇಂದೇ ಸಿ.ಟಿ. ಸ್ಕ್ಯಾನ್ ಮಾಡಿಸಿ. ವಯಸ್ಸಾದಂತೆ ಮಿದುಳು ಕುಗ್ಗಿ, ಅದಕ್ಕೂ ತಲೆಬುರುಡೆಗೂ ನಡುವಿನ ಜಾಗ ಹೆಚ್ಚುತ್ತದೆ. ಆ ಜಾಗ ದಾಟುವ ಸಣ್ಣ ರಕ್ತನಾಳಗಳು ಬಿಗಿದ ದಾರದಂತೆ ಎಳೆದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿದು ರಕ್ತ ನಿಧಾನವಾಗಿ ತುಂಬುತ್ತದೆ, ಲಕ್ಷಣ ವಾರಗಳ ನಂತರ ಕಾಣುತ್ತದೆ. ಅಂಥ ರಕ್ತವನ್ನು ಅನೇಕ ಸಲ ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಹೊರತೆಗೆಯುತ್ತಾರೆ, ಹಿರಿಯರೂ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಇದನ್ನು ಮರೆವು, ವಯಸ್ಸು ಎಂದುಕೊಂಡು ತಲೆಗೆ ಸೂಜಿ ಹಾಕಿಸುತ್ತಾ ವಾರ ಕಳೆಯುವುದು ದೊಡ್ಡ ಅಪಾಯ. ತಲೆಪೆಟ್ಟಿನ ವಿಷಯದಲ್ಲಿ ಅಕ್ಯುಪಂಕ್ಚರ್‌ಗೆ ಇರುವ ಪುರಾವೆ ಲಕ್ವದಲ್ಲಿರುವುದಕ್ಕಿಂತಲೂ ತೆಳು. ಶಸ್ತ್ರಚಿಕಿತ್ಸೆಯ ನಂತರ ಮಾಡಿಸುವುದಾದರೂ ಮೂಳೆ ತೆಗೆದ ಜಾಗದ ಮೇಲೆ, ಮಿದುಳಿನ ನೀರು ಹರಿಸುವ ನಳಿಕೆ ಹಾದುಹೋದ ಕಡೆ ಸೂಜಿ ಹಾಕಕೂಡದು. ಅಪಸ್ಮಾರ ಬಂದಿದ್ದವರ ತಲೆಗೆ ವಿದ್ಯುತ್ ಕೊಡಕೂಡದು.

ಪ್ರಶ್ನೆ: ಎಷ್ಟು ಸಲ ಮಾಡಿಸಿದ ಮೇಲೆ ಪ್ರಯೋಜನವಿದೆಯೋ ಇಲ್ಲವೋ ತಿಳಿಯುತ್ತದೆ?

ಉತ್ತರ: ಶುರುಮಾಡುವ ಮೊದಲೇ ಅಳೆದು ಬರೆದಿಡಿ, ಇಲ್ಲದಿದ್ದರೆ ‘ಸ್ವಲ್ಪ ಪರವಾಗಿಲ್ಲ’ ಎಂಬ ಮಾತಿನಲ್ಲೇ ತಿಂಗಳು ಉರುಳುತ್ತದೆ. ನಡೆಯಬಲ್ಲವರಿಗೆ 14 ಮೀಟರ್ ದಾರಿ ಗುರುತು ಮಾಡಿ, ಎರಡೂ ತುದಿಯ ಎರಡೆರಡು ಮೀಟರ್ ಬಿಟ್ಟು ನಡುವಿನ 10 ಮೀಟರ್‌ಗೆ ಹಿಡಿದ ಸೆಕೆಂಡು ಬರೆಯಿರಿ. ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಎಣಿಸಿ. ಕೈಗೆ ಫಿಸಿಯೋಥೆರಪಿಸ್ಟ್ ಬಳಿ ಕೈಯ ಚಲನೆಯನ್ನು ಅಳೆಯುವ 66 ಅಂಕದ ಫ್ಯೂಗಲ್-ಮೇಯರ್ ಅಳತೆ ಮಾಡಿಸಿ. ಪ್ರತಿ ಸಲವೂ ದಿನದ ಅದೇ ಹೊತ್ತು, ಅದೇ ಚಪ್ಪಲಿ, ಅದೇ ಊರುಗೋಲು ಇರಲಿ. ಹಿರಿಯರು ಬೆಳಗ್ಗೆ ನಡೆದಂತೆ ಸಂಜೆ ನಡೆಯುವುದಿಲ್ಲ. ನಾಲ್ಕು ವಾರ, ಒಟ್ಟು 12 ಸಲ ಆದ ಮೇಲೆ ಮತ್ತೆ ಅಳೆಯಿರಿ. ನಡಿಗೆಯ ವೇಗ ಸೆಕೆಂಡಿಗೆ 0.1 ಮೀಟರ್‌ನಷ್ಟಾದರೂ ಏರಿದ್ದರೆ, ಕೈಯ ಅಂಕ ಐದರಷ್ಟು ಹೆಚ್ಚಿದ್ದರೆ, ಆ ಬದಲಾವಣೆಗೆ ಅರ್ಥವಿದೆ. ಸೂಜಿ, ವ್ಯಾಯಾಮ, ಸಹಜ ಚೇತರಿಕೆ ಮೂರರ ಪಾಲೂ ಅದರಲ್ಲಿರುತ್ತದೆ, ಬಿಡಿಸಿ ಹೇಳಲಾಗದು. ರೋಗಿಗೂ ಹಿತವೆನಿಸಿದ್ದರೆ ಇನ್ನೊಂದು ತಿಂಗಳು ಮುಂದುವರಿಸಿ. ಅಳತೆ ಕದಲದಿದ್ದರೆ ಸೂಜಿ ನಿಲ್ಲಿಸಿ, ಆ ವಾರದ ಮೂರು ಹೊತ್ತನ್ನೂ ನಡಿಗೆ ಮತ್ತು ಕೈಕೆಲಸದ ಅಭ್ಯಾಸಕ್ಕೆ ಕೊಡಿ.