ಲಂಡನ್‌ಗೆ ಬರೀ ಐದೂವರೆ ಗಂಟೆನಾ?

ಪ್ರಶ್ನೆ: ಮಗಳು ಡಿಸೆಂಬರ್‌ನಲ್ಲಿ ಬೆಂಗಳೂರಿಂದ ಲಂಡನ್‌ಗೆ ಹೋಗುತ್ತಿದ್ದಾಳೆ. ಟಿಕೆಟ್‌ನಲ್ಲಿ ಮಧ್ಯಾಹ್ನ 1ಕ್ಕೆ ಹೊರಟು ಅದೇ ಸಂಜೆ 6.30ಕ್ಕೆ ಇಳಿಯುತ್ತದೆ ಅಂತಿದೆ. ವಾಪಸ್ ಬರುವಾಗ ಮಾತ್ರ ಮಧ್ಯಾಹ್ನ 1ಕ್ಕೆ ಹೊರಟರೆ ಮಾರನೇ ದಿನ ಬೆಳಗಿನ ಜಾವ 4.30! ಇದೇನು ಸ್ವಾಮಿ?
– ಓದುಗರು, ಮಂಡ್ಯ

ಉತ್ತರ: ಗಾಬರಿ ಬೇಡ, ಟಿಕೆಟ್ ಸರಿಯಾಗಿಯೇ ಇದೆ. ಅದರಲ್ಲಿರುವುದು ಆಯಾ ಊರಿನ ಗಡಿಯಾರದ ಹೊತ್ತು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ (ಬೇಸಿಗೆಯಲ್ಲಿ ಅವರು ಗಡಿಯಾರ ಮುಂದೆ ತಿರುಗಿಸುತ್ತಾರೆ, ಆಗ ನಾಲ್ಕೂವರೆ). ಮಗಳು ಅಲ್ಲಿ ಇಳಿದಾಗ ನಿಮ್ಮನೆ ಗಡಿಯಾರದಲ್ಲಿ ರಾತ್ರಿ 12. ಅಲ್ಲಿಗೆ 11 ಗಂಟೆ ಆಯ್ತು ಅಲ್ವಾ? ಬರುವಾಗಿನ ಹದಿನೈದೂವರೆಯಲ್ಲಿ ಐದೂವರೆ ಕಳೆಯಿರಿ, 10 ಉಳಿಯುತ್ತದೆ.

ದೂರ ಸುಮಾರು 8,000 ಕಿ.ಮೀ. ಬರುವಾಗ ಒಂದು ಗಂಟೆ ಮಿಗುವುದು ಗಾಳಿಯ ದಯೆ: ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ, ಹೋಗುವಾಗ ಅದೇ ಗಾಳಿ ಎದುರಿಗೆ.

ಮಂಡ್ಯದಿಂದ ದೇವನಹಳ್ಳಿ ತಲುಪುವ ಹೊತ್ತು ಈ ಲೆಕ್ಕದಲ್ಲಿಲ್ಲ. ಹೆಬ್ಬಾಳದ ಟ್ರಾಫಿಕ್ ನೆನೆಸಿಕೊಂಡು ಬೆಳಗ್ಗೆ 6ಕ್ಕೇ ಮನೆ ಬಿಡಿ.