ವಾಚಿನಲ್ಲಿ ಏಳು ಗಂಟೆ ನಿದ್ದೆ, ಡೈರಿಯಲ್ಲಿ ನಾಲ್ಕೂವರೆ
ಕುಡಿತ ಮತ್ತು ನಿದ್ದೆಯ ನಿಮ್ಮ ಅಧ್ಯಯನದಲ್ಲಿ, ಕೆಲಸಗಾರರು ಕೈಗೆ ಕಟ್ಟಿಕೊಂಡ ನಿದ್ದೆ ಅಳೆಯುವ ವಾಚು ಏಳು ಗಂಟೆ ತೋರಿಸುತ್ತೆ, ಅವರ ನಿದ್ದೆ ಡೈರಿಯಲ್ಲಿ ಮಾತ್ರ ನಾಲ್ಕೂವರೆ ಇದೆ, ಯಾಕೆ ಅಂತ ಕೇಳಿದ್ದೀರಿ. ಬಹುತೇಕ ಇದು ವಾಚಿನ ದೋಷವಲ್ಲ. ಅದು ಅಳೆಯುವುದು ಕೈಯ ಅಲುಗಾಟವನ್ನು. ಎಚ್ಚರವಿದ್ದೂ ಸುಮ್ಮನೆ ಮಲಗಿದವರನ್ನು ನಿದ್ದೆಯಲ್ಲಿದ್ದಾರೆ ಅಂತಲೇ ಎಣಿಸುತ್ತೆ. ಕುಡಿದವರಿಗೆ ಬೇಗ ನಿದ್ದೆ ಹತ್ತಿದರೂ ರಾತ್ರಿಯ ಎರಡನೇ ಅರ್ಧದಲ್ಲಿ ಮತ್ತೆ ಮತ್ತೆ ಎಚ್ಚರವಾಗುತ್ತೆ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ನಿಮ್ಮ ಪಾಳಿ ಕೆಲಸಗಾರರಲ್ಲಿ ಈ ಅಂತರ ಬರೋದು ಸಹಜ.

ಮೊದಲು ವಾಚು ಮತ್ತು ಕಂಪ್ಯೂಟರಿನ ಸಮಯ ಒಂದೇ ಇದೆಯಾ ನೋಡಿ. ಆಮೇಲೆ ಮಲಗಿದ ಅವಧಿಯನ್ನು ಸಾಫ್ಟ್‌ವೇರ್ ಊಹಿಸಲು ಬಿಡದೆ, ಡೈರಿಯಲ್ಲಿರುವ ದೀಪ ಆರಿಸಿದ ಮತ್ತು ಎದ್ದ ಹೊತ್ತನ್ನು ನೀವೇ ಹಾಕಿ. ರಾತ್ರಿ ಪಾಳಿಯ ದಿನಗಳನ್ನು ಬೇರೆ ಇಡಿ. ಎಷ್ಟು ಅಲುಗಾಡಿದರೆ ಎಚ್ಚರ ಅಂತ ಎಣಿಸಬೇಕು ಅನ್ನುವ ಮಿತಿ ಬದಲಿಸಿದರೆ ಅಂತರ ಇಳಿಯಬಹುದು. ವಾಚಿನ ಮಾದರಿ ಬರೆದಿಲ್ಲವಾದ್ದರಿಂದ ಎಷ್ಟು ಅಂತ ಹೇಳಲಾರೆ. ಏನೇ ಆಗಲಿ, ಎಲ್ಲರಿಗೂ ಒಂದೇ ಮಿತಿ ಇರಲಿ.

ಡೈರಿಯನ್ನೂ ಪರೀಕ್ಷಿಸಿ. ಏಳೂ ದಿನ ಒಂದೇ ಪೆನ್ನು, ಎಲ್ಲ ಕಡೆ 10:00, 5:00 ಅಂತಿದ್ದರೆ ವಾರದ ಕೊನೆಗೆ ಕೂತು ತುಂಬಿದ್ದಿರಬಹುದು. ದಿನಾ ಎದ್ದ ಅರ್ಧ ಗಂಟೆಯೊಳಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ. ಎರಡರ ಸರಾಸರಿ ಮಾತ್ರ ತೆಗೆಯಬೇಡಿ, ದಯವಿಟ್ಟು. ಬೇರೆ ಬೇರೆಯಾಗಿಯೇ ವರದಿ ಮಾಡಿ.

ಇನ್ನೊಂದು, ‘ಎಷ್ಟು ಪೆಗ್’ ಅಂತ ಕೇಳಬೇಡಿ, ಒಬ್ಬೊಬ್ಬರ ಪೆಗ್ ಒಂದೊಂದು ಅಳತೆ. 90 ಎಂಎಲ್ ಮದ್ಯದ ಪ್ಯಾಕೆಟ್ ಎಷ್ಟು ಅಂತ ಕೇಳಿ. ಪ್ರಮಾಣದಲ್ಲಿ ಶೇ 42.8 ಆಲ್ಕೋಹಾಲ್ ಇರುವ ಮದ್ಯದ ಒಂದು ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತೆ. 10 ಗ್ರಾಂ ಆಲ್ಕೋಹಾಲಿಗೆ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂತ ಎಣಿಸಿದರೆ 3 ಡ್ರಿಂಕ್.

ದಿನಾ ಕುಡಿಯುವವರು ಯಾರಾದರೂ ಅಧ್ಯಯನದ ನಡುವೆ ದಿಢೀರನೆ ಕುಡಿತ ಬಿಟ್ಟು, ಕೈ ನಡುಕ, ಬೆವರು, ಗೊಂದಲ ಕಂಡರೆ ವಾಚು ಬಿಚ್ಚಿಸಿ ಕೂಡಲೇ ಜಿಲ್ಲಾ ಆಸ್ಪತ್ರೆಗೆ ಕಳಿಸಿ.