ನಿಮ್ಮ ನಾಟಕಕ್ಕೆ ಅಜ್ಜಿಯ ದೂರು ಒಂದೇ ಸಾಕು

ನಮಸ್ಕಾರ.

ನೀವು ಕಳಿಸಿದ ನಾಟಕವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಇದರೊಳಗೆ ತುಂಬ ಒಳ್ಳೆಯ ನಾಟಕವೊಂದು ಅವಿತುಕೊಂಡಿದೆ, ಅದು ಎಲ್ಲಿದೆ ಎಂದು ಹೇಳುವುದಕ್ಕೇ ಈ ಪತ್ರ.

ಮೊದಲ ಅಂಕದ ಮೂರನೇ ದೃಶ್ಯ ತೆಗೆದು ನೋಡಿ. ಪ್ರತಿ ಮನೆಯವರೂ ತಿಂಗಳಿಗೊಮ್ಮೆ ತಮ್ಮದೇ ಮನೆಯ ಒಬ್ಬರ ಮೇಲೆ ಸರ್ಕಾರಕ್ಕೆ ದೂರು ಕೊಡಬೇಕೆಂಬ ಕಾನೂನು. ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಈ ಸಲ ಯಾರ ಸರದಿ ಎಂದು ಲೆಕ್ಕ ಹಾಕುತ್ತಾರೆ. ಅಕ್ಷರ ದುಂಡಗಿದೆ ಅಂತ ಅಪ್ಪನೇ ಎಲ್ಲರ ಪರವಾಗಿ ಬರೆಯುತ್ತಾನೆ, ತನ್ನ ಮೇಲಿನ ದೂರನ್ನೂ. ಅಷ್ಟರಲ್ಲಿ ಅಜ್ಜಿ ಮುನಿಸಿಕೊಳ್ಳುತ್ತಾಳೆ: "ಎಷ್ಟು ತಿಂಗಳಾಯ್ತು, ನನ್ನ ಮೇಲೆ ಒಂದೂ ದೂರಿಲ್ಲ. ಈ ಮನೇಲಿ ನಾನು ಲೆಕ್ಕಕ್ಕೇ ಇಲ್ವಾ?" ಇಲ್ಲಿ ನಕ್ಕುಬಿಟ್ಟೆ, ನಕ್ಕ ಮೇಲೆ ಕಸಿವಿಸಿಯಾಯಿತು. ಕರಾಳ ಹಾಸ್ಯ ಮಾಡಬೇಕಾದ ಕೆಲಸ ಇದೇ. ಅಜ್ಜಿ ತಮಾಷೆ ಮಾಡುತ್ತಿಲ್ಲ, ಅವಳಿಗೆ ನಿಜವಾಗಿ ನೋವಾಗಿದೆ. ಆ ಮನೆಯಲ್ಲಿ ಪ್ರೀತಿ ಇರಬೇಕಾದ ಜಾಗದಲ್ಲಿ ದೂರು ಬಂದು ಕೂತಿದೆ ಎನ್ನುವುದು, ಯಾರೂ ಬಾಯಿಬಿಟ್ಟು ಹೇಳದೆಯೇ ನಮಗೆ ತಟ್ಟುತ್ತದೆ.

ಮುಂದಿನ ಪುಟದಲ್ಲೇ ನೀವು ಅವಳ ಕೈಬಿಟ್ಟಿದ್ದೀರಿ. ಧ್ವನಿವರ್ಧಕದಲ್ಲಿ ಮಹಾನಾಯಕನ ಘೋಷಣೆ, ಬೂಟಿನ ಸದ್ದು, ಸೈರನ್, ಬೂದು ಸಮವಸ್ತ್ರ, ಅದಾದ ಮೇಲೆ ಸ್ವಾತಂತ್ರ್ಯದ ಬಗ್ಗೆ ಮಗನ ಉದ್ದನೆಯ ಭಾಷಣ. ಇವನ್ನೆಲ್ಲ ಪ್ರೇಕ್ಷಕರು ಬೇರೆ ಕಡೆ ಸಾಕಷ್ಟು ನೋಡಿದ್ದಾರೆ ಎನ್ನುವುದು ಸಣ್ಣ ಆಕ್ಷೇಪ. ದೊಡ್ಡದು ಇನ್ನೊಂದಿದೆ. ಘೋಷಣೆ ಮೊಳಗಿದ ಕೂಡಲೇ ತಪ್ಪೆಲ್ಲ ಹೊರಗಿನವರದಾಗುತ್ತದೆ, ಮನೆಯವರು ಬರೀ ಬಲಿಪಶುಗಳಾಗುತ್ತಾರೆ. ನಗು ಅಲ್ಲಿಗೆ ನಿಲ್ಲುತ್ತದೆ, ಭಯವೂ ನಿಲ್ಲುತ್ತದೆ. ನನಗೆ ಹೆದರಿಕೆಯಾದದ್ದು ಅಪ್ಪನ ದುಂಡು ಅಕ್ಷರ ಕಂಡು.

ಈ ಕಾನೂನು ಅತಿಯಾಯಿತೇನೋ ಎಂಬ ಅಳುಕನ್ನು ನೀವು ಜೊತೆಗಿಟ್ಟ ಪತ್ರದಲ್ಲಿ ತೋಡಿಕೊಂಡಿದ್ದೀರಿ. ಅಳುಕು ಬೇಡ. ಸರ್ವಾಧಿಕಾರಿ ಚೌಷೆಸ್ಕು ಆಳುತ್ತಿದ್ದ ರುಮೇನಿಯಾದಲ್ಲಿ 1983ರ ಒಂದು ಆಜ್ಞೆಯಂತೆ, ಟೈಪ್‌ರೈಟರ್ ಇಟ್ಟುಕೊಂಡವರು ಅದನ್ನು ಪೊಲೀಸರಲ್ಲಿ ನೋಂದಾಯಿಸಿ ಅದರ ಅಕ್ಷರಗಳ ಮಾದರಿ ಕೊಡಬೇಕಿತ್ತು, ಯಾವ ಕಾಗದ ಯಾವ ಯಂತ್ರದಿಂದ ಬಂತೆಂದು ಪತ್ತೆ ಹಚ್ಚುವುದಕ್ಕೆ. ಇದನ್ನೇ ರಂಗದ ಮೇಲೆ ಊಹಿಸಿಕೊಳ್ಳಿ: ಮಾದರಿಯಾಗಿ ಯಾವ ವಾಕ್ಯ ಟೈಪ್ ಮಾಡಿದರೆ ಅನುಮಾನ ಬಾರದು ಎಂದು ಗಂಡ ಹೆಂಡತಿ ರಾತ್ರಿಯಿಡೀ ಚರ್ಚಿಸುತ್ತಾರೆ. ಸೈರನ್ ಬೇಕೇ ಇಲ್ಲ.

ಆದ್ದರಿಂದ ನಿಮ್ಮ ಉಳಿದ ಕಾನೂನುಗಳನ್ನು, ಅಂದರೆ ನಗುವಿನ ತೆರಿಗೆ, ಕನ್ನಡಿ ನಿಷೇಧ, ಕನಸುಗಳ ನೋಂದಣಿ, ಎಲ್ಲವನ್ನೂ ತೆಗೆದುಹಾಕಿ. ಒಂದನ್ನೇ ಹಿಡಿದು ಕೊನೆಯವರೆಗೂ ಹೋಗಿ. 1965ರಲ್ಲಿ ಪ್ರಾಗ್‌ನಲ್ಲಿ ರಂಗಕ್ಕೆ ಬಂದ ಜೆಕ್ ನಾಟಕಕಾರ ವಾಕ್ಲಾವ್ ಹಾವೆಲ್ ಅವರ ನಾಟಕವೊಂದರಲ್ಲಿ ಕಚೇರಿಗೆ ಹೊಸದೊಂದು ಕೃತಕ ಭಾಷೆ ಬರುತ್ತದೆ. ತನ್ನ ಕೈಗೆ ಬಂದ ಪತ್ರದಲ್ಲಿ ಏನಿದೆ ಎಂದು ತಿಳಿಯಲು ಆ ಕಚೇರಿಯ ಮುಖ್ಯಸ್ಥ ಪರದಾಡಬೇಕು. ಅದೊಂದೇ ಎಳೆ ಇಡೀ ನಾಟಕವನ್ನು ಹೊರುತ್ತದೆ.

ಎರಡನೇ ಅಂಕದ ಅಧಿಕಾರಿ ಪಿಸ್ತೂಲು ಹಿಡಿದು ಕಿರುಚುತ್ತಾ ಯಾಕೆ ಬರಬೇಕು? ಅವನು ಚಪ್ಪಲಿ ಬಿಟ್ಟು ಒಳಗೆ ಬರಲಿ. "ಕಣ್ಣಾರೆ ಕಂಡದ್ದೋ, ಕೇಳಿದ್ದೋ" ಎಂಬ ಕಾಲಂ ಖಾಲಿ ಬಿಟ್ಟಿದ್ದೀರಿ, ತುಂಬಿಸಿಕೊಡಿ ಎಂದು ವಿನಯದಿಂದ ಕೇಳಲಿ. ಅವನಿಗೆ ನೆರವಾಗಲು ಮನೆಯವರೆಲ್ಲ ಮುಗಿಬೀಳಲಿ. ಆಗ ಅಜ್ಜಿಗೆ ಏನಾಗುತ್ತದೆ ಎನ್ನುವುದನ್ನು ನೀವೇ ಕಂಡುಕೊಳ್ಳಬೇಕು. ನಿಮ್ಮ ಈಗಿನ ಮುಕ್ತಾಯದಲ್ಲಿ ಎಲ್ಲರೂ ಗುಂಡೇಟಿಗೆ ಸಾಯುತ್ತಾರೆ. ಸತ್ತವರು ಯಾವುದಕ್ಕೂ ಉತ್ತರ ಕೊಡಬೇಕಾಗಿಲ್ಲ, ನಾಟಕ ಕಟ್ಟಿದ ಪ್ರಶ್ನೆ ಹಾಗೇ ತಪ್ಪಿಸಿಕೊಂಡು ಹೋಗುತ್ತದೆ.

ಅಮ್ಮನ ಪಾತ್ರದ ಬಗ್ಗೆ ನನಗೆ ಬೇಸರವಿದೆ. ಎರಡೂ ಅಂಕಗಳಲ್ಲಿ ಅವಳಿಗಿರುವುದು "ಊಟಕ್ಕೆ ಬನ್ನಿ", "ಮೆಲ್ಲಗೆ ಮಾತಾಡಿ" ಇಂಥ ಮಾತುಗಳೇ. ಅವಳು ಯಾರ ಮೇಲೆ ನಿಜವಾದ ದೂರನ್ನು ಬಚ್ಚಿಟ್ಟುಕೊಂಡಿದ್ದಾಳೆ? ಅದು ಗೊತ್ತಾದರೆ ಎರಡನೇ ಅಂಕ ತಾನಾಗಿ ಬರೆಸಿಕೊಳ್ಳುತ್ತದೆ ಎಂದು ನನ್ನ ನಂಬಿಕೆ. ರಂಗಸೂಚನೆಗಳನ್ನೂ ಕಡಿಮೆ ಮಾಡಿ. "ಅಜ್ಜಿಯ ಮನಸ್ಸಿನಲ್ಲಿ ಬಾಲ್ಯದ ನೆನಪು ಸುಳಿಯುತ್ತದೆ" ಎಂದು ಬರೆದರೆ ನಟಿ ಏನು ಮಾಡಬೇಕು?

ತಿದ್ದಲು ಕೂರುವ ಮುಂಚೆ ಮೂರನೇ ದೃಶ್ಯವನ್ನು ನಾಲ್ಕು ಜನರಿಂದ ಗಟ್ಟಿಯಾಗಿ ಓದಿಸಿ. ನಗಿಸಲು ಹೋಗಬೇಡಿ, ತೀರಾ ಸಹಜವಾಗಿ ಓದಿ ಎಂದು ಹೇಳಿ. ಕೇಳುವವರು ಎಲ್ಲಿ ನಕ್ಕರು, ಎಲ್ಲಿ ನಗು ಅರ್ಧಕ್ಕೆ ನಿಂತಿತು ಎಂದು ಹಸ್ತಪ್ರತಿಯಲ್ಲೇ ಗುರುತು ಹಾಕಿಕೊಳ್ಳಿ. ಹೊಸ ಪ್ರತಿ ಸಿದ್ಧವಾದಾಗ ಆ ಗುರುತುಗಳಿರುವ ಹಾಳೆಗಳನ್ನೂ ಜೊತೆಗಿಟ್ಟು ನನ್ನ ಹೆಸರಿಗೇ ಕಳಿಸಿ. ಖಂಡಿತ ಓದುತ್ತೇನೆ.